ಮುಗಿಯದ ಸುದ್ದಿ, ನಿಲ್ಲದ ಬೆರಳು

ಲೋಕ್ರಿಯನ್ನರೆಂಬ ಪ್ರಾಚೀನ ಗ್ರೀಕ್ ಜನರಲ್ಲಿ ಒಂದು ವಿಚಿತ್ರ ಕಟ್ಟಳೆ ಇತ್ತಂತೆ. ಪರವೂರಿಗೆ ಹೋಗಿ ಮರಳಿದವನು ‘ಏನಾದರೂ ಹೊಸ ಸುದ್ದಿ ಉಂಟೇ?’ ಎಂದು ಕೇಳಿದರೆ ಅಧಿಕಾರಿಗಳು ಅವನಿಗೆ ದಂಡ ಹಾಕುತ್ತಿದ್ದರು. ಸುಮಾರು 1,900 ವರ್ಷಗಳ ಹಿಂದೆ ಗ್ರೀಕ್ ಲೇಖಕ ಪ್ಲುಟಾರ್ಕ್, ಅತಿ ಕುತೂಹಲದ ಚಟ ಕುರಿತ ಪ್ರಬಂಧವೊಂದರಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾನೆ. ಆ ಕಟ್ಟಳೆ ಇಂದು ಜಾರಿಯಲ್ಲಿದ್ದಿದ್ದರೆ ದಂಡ ತೆರದೆ ಉಳಿಯುವವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಏಕೆಂದರೆ ಈಗ ಸುದ್ದಿ ಕೇಳಲು ಪರವೂರಿನಿಂದ ಮರಳಬೇಕಾಗಿಲ್ಲ. ದಿಂಬಿನ ಪಕ್ಕದಲ್ಲಿರುವ ಮೊಬೈಲ್ ಫೋನನ್ನು ಕೈಗೆತ್ತಿಕೊಂಡರೆ ಸಾಕು.

ಯುದ್ಧ, ಪ್ರವಾಹ, ಅಪಘಾತ, ಕೊಲೆ, ಬೈಗುಳ, ಮತ್ತೆ ಯುದ್ಧ. ಒಂದೊಂದನ್ನೂ ನೋಡಿದಾಗ ಮನಸ್ಸು ಕುಗ್ಗುತ್ತದೆ. ಆದರೂ ಬೆರಳು ತೆರೆಯನ್ನು ಮೇಲಕ್ಕೆ ಸರಿಸುತ್ತಲೇ ಇರುತ್ತದೆ. ನಿದ್ದೆ ಬರುತ್ತಿದೆ, ಕಣ್ಣು ಉರಿಯುತ್ತಿದೆ, ನೋಡಿದ್ದರಿಂದ ಪ್ರಯೋಜನವಿಲ್ಲವೆಂಬುದೂ ಗೊತ್ತಿದೆ. ನಿಲ್ಲಿಸಲು ಮಾತ್ರ ಆಗುತ್ತಿಲ್ಲ. ಈ ಅಭ್ಯಾಸಕ್ಕೆ ಇಂಗ್ಲಿಷಿನಲ್ಲಿ ‘ಡೂಮ್‌ಸ್ಕ್ರೋಲಿಂಗ್’ ಎಂಬ ಹೆಸರು ಬಿದ್ದಿದೆ. ಕೋವಿಡ್ ಹರಡಿದ 2020ರಲ್ಲಿ ಈ ಪದ ಮನೆಮಾತಾಯಿತು. ಆಸ್ಟ್ರೇಲಿಯದ ಮ್ಯಾಕ್ವಾರಿ ನಿಘಂಟಿನ ಸಮಿತಿ ಅದನ್ನೇ ಆ ವರ್ಷದ ಪದವೆಂದು ಆರಿಸಿತು. ಪದ ಹೊಸದು, ನಿಜ. ಆದರೆ ಕೆಟ್ಟ ಸುದ್ದಿಯ ಹಸಿವು ಹೊಸದೇ?

ಹಳೆಯ ಹಸಿವು

ಬೌದ್ಧರ ದೀಘನಿಕಾಯದಲ್ಲಿ ಬರುವ ಬ್ರಹ್ಮಜಾಲ ಸುತ್ತವು ಭಿಕ್ಷುಗಳಿಗೆ ಸಲ್ಲದ ಹರಟೆಗಳ ಒಂದು ದೊಡ್ಡ ಪಟ್ಟಿಯನ್ನೇ ಕೊಡುತ್ತದೆ. ರಾಜರ ಮಾತು, ಕಳ್ಳರ ಮಾತು, ಮಂತ್ರಿಗಳ ಮಾತು, ಸೈನ್ಯದ ಮಾತು, ಭಯದ ಮಾತು, ಯುದ್ಧದ ಮಾತು, ಊಟ ಉಡುಪುಗಳ ಮಾತು, ಊರು ಕೇರಿಗಳ ಮಾತು, ಬೀದಿಯಲ್ಲೂ ಬಾವಿಕಟ್ಟೆಯಲ್ಲೂ ಆಡುವ ಮಾತು, ಸತ್ತವರ ಮಾತು. ಓದುತ್ತ ಹೋದರೆ ಇಂದಿನ ಸಾಮಾಜಿಕ ಜಾಲತಾಣದ ವಿಷಯಸೂಚಿಯಂತೆಯೇ ಕಾಣುತ್ತದೆ.

ಭಿಕ್ಷುಗಳಿಗಾಯಿತು, ಸಂಸಾರಿಗಳಿಗೆ? ಜೈನರು ಗೃಹಸ್ಥರಿಗೆ ವಿಧಿಸಿದ ವ್ರತಗಳಲ್ಲಿ ‘ಅನರ್ಥದಂಡ ವಿರತಿ’ ಎಂಬುದೊಂದಿದೆ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪದಿಂದ ದೂರವಿರುವುದು ಅದರ ಅರ್ಥ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಈ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಎರಡು ಇಲ್ಲಿ ಗಮನಾರ್ಹ: ಇತರರಿಗೆ ಕೇಡಾಗಲೆಂದು ಚಿಂತಿಸುವ ‘ಅಪಧ್ಯಾನ’ ಮತ್ತು ಮನಸ್ಸನ್ನು ಕಲಕುವುದನ್ನು ಕೇಳುತ್ತ ಕೂರುವ ‘ದುಃಶ್ರುತಿ’. ಕೇಳುವುದೂ ಒಂದು ಕ್ರಿಯೆ, ಅದಕ್ಕೂ ಹೊಣೆಯುಂಟು ಎಂದು ಆ ಕಾಲದಲ್ಲೇ ಯೋಚಿಸಿದ್ದರು.

ಯುರೋಪಿನಲ್ಲಿ ಮುದ್ರಿತ ಸುದ್ದಿಪತ್ರಿಕೆ ಹುಟ್ಟಿದ್ದು 1605ರ ಸುಮಾರಿಗೆ, ಸ್ಟ್ರಾಸ್‌ಬರ್ಗ್ ನಗರದಲ್ಲಿ. ಸುಮಾರು ಎಪ್ಪತ್ತು ವರ್ಷಗಳ ನಂತರ, 1676ರಲ್ಲಿ, ಅಹಸ್ವೇರ್ ಫ್ರಿಟ್ಷ್ ಎಂಬ ಜರ್ಮನ್ ನ್ಯಾಯಶಾಸ್ತ್ರಜ್ಞ ಸುದ್ದಿಪತ್ರಿಕೆಗಳ ಬಳಕೆ ಮತ್ತು ದುರ್ಬಳಕೆ ಕುರಿತು ಪುಸ್ತಿಕೆಯೊಂದನ್ನು ಬರೆಯಬೇಕಾಯಿತು. ಜನ ಚರ್ಚಿನೊಳಗೂ ಪತ್ರಿಕೆ ಬಿಡುತ್ತಿಲ್ಲ ಎಂಬುದು ಅವನ ದೂರುಗಳಲ್ಲೊಂದು. 1710ರಲ್ಲಿ ಲಂಡನ್ನಿನ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಜೋಸೆಫ್ ಆ್ಯಡಿಸನ್ ಒಬ್ಬ ಕಾಲ್ಪನಿಕ ಕಸಬುದಾರನ ಚಿತ್ರ ಕೊಟ್ಟ. ಪೀಠೋಪಕರಣಗಳಿಗೆ ಮೆತ್ತೆ ಹೊದಿಸುವುದು ಅವನ ವೃತ್ತಿ. ಆದರೆ ಅವನ ಚಿಂತೆಯೆಲ್ಲ ಸ್ವೀಡನ್ನಿನ ದೊರೆಯದು, ಪೋಲೆಂಡಿನ ರಾಜಕೀಯದ್ದು. ನೆರೆಹೊರೆಯವರು ಏಳುವ ಮುನ್ನವೇ ಎದ್ದು, ಪರದೇಶದ ಟಪಾಲು ಬಂತೇ ಎಂದು ವಿಚಾರಿಸಲು ಊರ ಇನ್ನೊಂದು ತುದಿಗೆ ಓಡುತ್ತಿದ್ದ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು, ಅಂಗಡಿ ದಿವಾಳಿಯಾಯಿತು. ಮುಂದೆ ಪಾರ್ಕಿನಲ್ಲಿ ಎದುರಾದಾಗಲೂ ಅವನು ದೊರೆಯ ಸಮಾಚಾರ ಮುಗಿಸಿಯೇ ಸಾಲ ಕೇಳುತ್ತಾನೆ. ಓದುಗರು ನಕ್ಕರು; ತಮ್ಮ ನಡುವಿನ ಯಾರನ್ನೋ ಗುರುತಿಸಿಯೇ ನಕ್ಕಿರಬೇಕು.

ಕೊನೆಯಿದ್ದ ಸುದ್ದಿ

ಹಾಗಾದರೆ ಬದಲಾದದ್ದೇನು? ಹಳೆಯ ಸುದ್ದಿಗೆ ಒಂದು ಕೊನೆಯಿತ್ತು. ಲಂಡನ್ನಿನ ಆ ಕಸಬುದಾರನೂ ಟಪಾಲಿನ ಹಡಗು ಬರುವವರೆಗೆ ಕಾಯಲೇಬೇಕಿತ್ತು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’, ಅಂದರೆ ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಣವಾಗಿ ತಿಂಗಳಿಗೆ ಎರಡು ಸಲ ಬರುತ್ತಿತ್ತು. ಅಂದಿನ ಓದುಗನಿಗೆ ಒಂದು ಸಂಚಿಕೆ ಓದಿ, ನೆರೆಯವನ ಜೊತೆ ವಾದಿಸಿ, ಮರೆಯಲೂ ಹದಿನೈದು ದಿನ ಸಿಗುತ್ತಿತ್ತು. ಮುಂದೆ ದಿನಪತ್ರಿಕೆ ಬಂತು. ಅದಕ್ಕೂ ಕೊನೆಯ ಪುಟವಿತ್ತು. ರೇಡಿಯೋ ಬಂತು. ವಾಚಕರು ವಾರ್ತೆ ಮುಗಿಯಿತೆಂದು ಹೇಳಿದ ಮೇಲೆ ಮನೆಯವರು ಗುಂಡಿ ತಿರುಗಿಸಿ ಊಟಕ್ಕೆ ಏಳುತ್ತಿದ್ದರು.

1930ರ ಏಪ್ರಿಲ್ 18ರ ಸಂಜೆ ಬಿಬಿಸಿ ರೇಡಿಯೋದ ವಾಚಕ ಇಂದು ಸುದ್ದಿಯೇನೂ ಇಲ್ಲ ಎಂದಷ್ಟೇ ಹೇಳಿದ. ಉಳಿದ ವೇಳೆಯಲ್ಲಿ ಪಿಯಾನೋ ಸಂಗೀತ ಬಿತ್ತರವಾಯಿತು. ಇಂದು ಇದನ್ನು ಕೇಳಿದರೆ ಅಸೂಯೆಯಾಗಬಹುದು. ಆದರೆ ಅದೇ ದಿನ ಚಿತ್ತಗಾಂಗ್‌ನಲ್ಲಿ ಸೂರ್ಯ ಸೇನ್ ಮತ್ತು ಸಂಗಡಿಗರು ಬ್ರಿಟಿಷರ ಶಸ್ತ್ರಾಗಾರದ ಮೇಲೆ ದಾಳಿ ನಡೆಸಿದ್ದರು. ಭಾರತದಾದ್ಯಂತ ಉಪ್ಪಿನ ಸತ್ಯಾಗ್ರಹ ಕಾವೇರಿತ್ತು. ಸುದ್ದಿಗೆ ಕೊನೆಯಿದ್ದ ಕಾಲದಲ್ಲಿ ಆ ಕೊನೆಯನ್ನು ಎಳೆಯುವ ಅಧಿಕಾರ ಬೇರೆ ಯಾರದೋ ಕೈಯಲ್ಲಿತ್ತು ಎಂಬುದನ್ನೂ ಮರೆಯುವಂತಿಲ್ಲ. ಆದ್ದರಿಂದ ಹಳೆಯದೆಲ್ಲ ಒಳ್ಳೆಯದಾಗಿತ್ತು ಎಂದು ಹಳಹಳಿಸಿ ಪ್ರಯೋಜನವಿಲ್ಲ.

ಕೊನೆಯ ಪುಟ ಹರಿದುಹೋದದ್ದು 2006ರಲ್ಲಿ ಎನ್ನಬಹುದು. ಏಜ಼ಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞ ಆ ವರ್ಷ ‘ಕೊನೆಯಿಲ್ಲದ ಸ್ಕ್ರೋಲ್’ ವಿಧಾನವನ್ನು ರೂಪಿಸಿದ. ಪುಟದ ತಳಕ್ಕೆ ಬಂದಾಗ ‘ಮುಂದಿನ ಪುಟ’ ಎಂಬ ಗುಂಡಿಯನ್ನು ಒತ್ತುವ ತೊಂದರೆ ಬಳಕೆದಾರನಿಗೆ ಬೇಡ ಎಂಬುದಷ್ಟೇ ಅವನ ಉದ್ದೇಶವಾಗಿತ್ತು. ಆದರೆ ಆ ಪುಟ್ಟ ತೊಂದರೆಯೇ ‘ಸಾಕೇ, ಇನ್ನೂ ಬೇಕೇ?’ ಎಂದು ಕೇಳುವ ವಿರಾಮವಾಗಿತ್ತು. ಫೇಸ್‌ಬುಕ್‌ನ ನ್ಯೂಸ್ ಫೀಡ್ ಬಂದದ್ದೂ, ಟ್ವಿಟರ್ ಹುಟ್ಟಿದ್ದೂ ಅದೇ 2006ರಲ್ಲಿ. ರಾಸ್ಕಿನ್ ಮುಂದೆ ತನ್ನ ಆವಿಷ್ಕಾರದ ಬಗ್ಗೆ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದ್ದಾನೆ.

ಬೆರಳಿಗೇಕೆ ಬಿಡುವಿಲ್ಲ?

ಇದರ ಹಿಂದಿನ ಮನಃಶಾಸ್ತ್ರ ಇನ್ನೂ ಹಳೆಯದು. ಅಮೆರಿಕದ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗ ಸುಮ್ಮನಾಯಿತು. ಒಮ್ಮೆ ಸಿಕ್ಕಿ, ಹತ್ತು ಸಲ ಸಿಗದೆ, ಯಾವಾಗ ಸಿಗುವುದೆಂದು ಊಹಿಸಲಾಗದಂತಿದ್ದಾಗ ಮಾತ್ರ ಅದು ಪಟ್ಟುಬಿಡದೆ ಕುಕ್ಕುತ್ತಲೇ ಹೋಯಿತು. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಈ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಜೂಜಿನ ಯಂತ್ರಗಳು ನಡೆಯುವುದು ಇದೇ ತತ್ವದ ಮೇಲೆ. ಹತ್ತು ನೀರಸ ಪೋಸ್ಟ್‌ಗಳ ನಡುವೆ ಒಂದು ಎದೆ ಝಲ್ಲೆನಿಸುವ ವೀಡಿಯೋ ತೂರಿಬರುವ ಮೊಬೈಲ್ ತೆರೆಯೂ ಅಷ್ಟೆ.

ಅದರಲ್ಲೂ ಕೆಟ್ಟದ್ದೇ ಏಕೆ ಸೆಳೆಯಬೇಕು? ಪೊದೆಯಲ್ಲಿ ಹೂವಿದೆಯೆಂಬುದನ್ನು ಗಮನಿಸದಿದ್ದರೆ ನಷ್ಟವಿಲ್ಲ. ಹಾವಿದೆಯೆಂಬುದನ್ನು ಗಮನಿಸದಿದ್ದರೆ ಜೀವಕ್ಕೇ ಸಂಚಕಾರ. ಮನಸ್ಸು ಅಪಾಯದ ಸೂಚನೆಗೆ ಮೊದಲು ಓಗೊಡುವಂತೆ ರೂಪುಗೊಂಡಿದೆ ಎಂದು ಮನೋವಿಜ್ಞಾನಿಗಳು ಹೇಳುತ್ತಾರೆ. ‘ಅಪ್‌ವರ್ದಿ’ ಎಂಬ ಜಾಲತಾಣದ ಒಂದು ಲಕ್ಷಕ್ಕೂ ಹೆಚ್ಚು ಶೀರ್ಷಿಕೆ ಮಾದರಿಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶೀರ್ಷಿಕೆಗೆ ಒಂದು ನಕಾರಾತ್ಮಕ ಪದ ಸೇರಿದರೆ ಅದನ್ನು ಒತ್ತಿ ಓದುವವರ ಪ್ರಮಾಣ ಸುಮಾರು ಶೇ 2.3ರಷ್ಟು ಹೆಚ್ಚುತ್ತದೆ ಎಂದು ಕಂಡುಬಂತು. ಜನ ಯಾವುದರ ಮೇಲೆ ಕಣ್ಣು ನೆಡುತ್ತಾರೋ ಅದನ್ನೇ ಮತ್ತೆ ಮತ್ತೆ ಬಡಿಸುವಂತೆ ಜಾಲತಾಣದ ಗಣಿತ ಹೆಣೆಯಲಾಗಿದೆ. ತುರಿಕೆಗೆ ಉಗುರು ಕೊಟ್ಟಂತಾಯಿತು.

ಇದರ ಪರಿಣಾಮ ಬರಿಯ ಕಾಲಹರಣವಲ್ಲ. 2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸ್ಫೋಟಿಸಿತು. ನಂತರದ ವಾರಗಳಲ್ಲಿ ಸಂಶೋಧಕರು 4,500ಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿದರು. ಸ್ಫೋಟದ ನಂತರದ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಆ ಸುದ್ದಿಯನ್ನೇ ನೋಡಿದವರಲ್ಲಿ, ಸ್ಫೋಟದ ಸ್ಥಳದಲ್ಲಿ ಅಥವಾ ಹತ್ತಿರ ಇದ್ದವರಿಗಿಂತಲೂ ಹೆಚ್ಚಿನ ಮಾನಸಿಕ ಒತ್ತಡದ ಲಕ್ಷಣಗಳು ಕಂಡವು. ಮೊದಲೇ ಕಳವಳಪಡುವ ಸ್ವಭಾವದವರು ಹೆಚ್ಚು ಸುದ್ದಿ ನೋಡುವುದೂ ಉಂಟು. ಆದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಕಡ್ಡಿ ಮುರಿದಂತೆ ಹೇಳುವುದು ಕಷ್ಟ. ಎರಡೂ ಒಂದನ್ನೊಂದು ಬೆಳೆಸುತ್ತವೆ ಎನ್ನುವುದಕ್ಕೆ ಅಡ್ಡಿಯಿಲ್ಲ.

ಬಿಡಿಸಿಕೊಳ್ಳುವ ಬಗೆ

‘ನಾಳೆಯಿಂದ ನೋಡುವುದಿಲ್ಲ’ ಎಂಬ ಶಪಥ ಸಾಮಾನ್ಯವಾಗಿ ಮೂರು ದಿನ ಬಾಳುತ್ತದೆ. ಅದಕ್ಕೆ ಮನೋಬಲದ ಕೊರತೆಯೊಂದೇ ಕಾರಣವಲ್ಲ. ಅಭ್ಯಾಸವು ನೆಲೆಸಿರುವುದು ಮನಸ್ಸಿನಲ್ಲಷ್ಟೇ ಅಲ್ಲ, ಸ್ಥಳದಲ್ಲಿ ಮತ್ತು ಕೈಯಲ್ಲಿ ಕೂಡ. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಇದನ್ನು ಸೊಗಸಾಗಿ ತೋರಿಸಿತು. ಸಿನಿಮಾ ನೋಡುತ್ತ ಪಾಪ್‌ಕಾರ್ನ್ ತಿನ್ನುವ ರೂಢಿಯಿದ್ದವರಿಗೆ ಒಂದು ವಾರ ಹಳೆಯ, ರುಚಿಗೆಟ್ಟ ಪಾಪ್‌ಕಾರ್ನ್ ಕೊಡಲಾಯಿತು. ಚೆನ್ನಾಗಿಲ್ಲವೆಂದು ಗೊತ್ತಿದ್ದೂ ಅವರು ತಾಜಾ ಪಾಪ್‌ಕಾರ್ನ್‌ನಷ್ಟೇ ತಿಂದರು. ಆದರೆ ರೂಢಿಯಿಲ್ಲದ ಇನ್ನೊಂದು ಕೈಯಿಂದ ತಿನ್ನಲು ಹೇಳಿದಾಗ, ಹಳಸಿದ್ದನ್ನು ತಿನ್ನುವುದು ಕಡಿಮೆಯಾಯಿತು. ರೂಢಿಯ ದಾರಿಗೆ ಸಣ್ಣ ಅಡ್ಡಿ ಬಂದೊಡನೆ ನಾಲಿಗೆ ಎಚ್ಚೆತ್ತಿತು.

ಮೊಬೈಲ್ ವಿಷಯದಲ್ಲೂ ಮೊದಲ ಹೆಜ್ಜೆ ಇಂಥ ಸಣ್ಣ ಅಡ್ಡಿಗಳೇ. ರಾತ್ರಿ ಫೋನು ಮಲಗುವ ಕೋಣೆಯ ಹೊರಗಿರಬೇಕು. ಎಚ್ಚರಿಸಲು ಹಳೆಯ ಅಲಾರಾಂ ಗಡಿಯಾರ ಸಾಕು. ಸೂಚನೆಗಳ ಸದ್ದು ಅಡಗಿಸುವುದು, ಸೆಳೆಯುವ ಆ್ಯಪನ್ನು ತೆಗೆದುಹಾಕಿ ಬೇಕಾದಾಗ ಪಾಸ್‌ವರ್ಡ್ ಬರೆದು ಒಳಹೋಗುವಂತೆ ಮಾಡಿಕೊಳ್ಳುವುದು, ತೆರೆಯನ್ನು ಕಪ್ಪು ಬಿಳುಪಿಗೆ ಬದಲಿಸುವುದು, ಇವೆಲ್ಲ ಎಡಗೈಯಿಂದ ತಿನ್ನುವ ಉಪಾಯಗಳೇ.

ಎರಡನೆಯದು, ಕಳೆದುಹೋದ ಕೊನೆಯ ಪುಟವನ್ನು ಮರಳಿ ಹೊಲಿಯುವುದು. ಕೋವಿಡ್ ಹರಡುತ್ತಿದ್ದ 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕಳವಳ ಹುಟ್ಟಿಸುವ ಸುದ್ದಿಯನ್ನು ಕಡಿಮೆ ಮಾಡಿ, ದಿನಕ್ಕೆ ಒಂದೆರಡು ಸಲ ನಿಗದಿತ ವೇಳೆಯಲ್ಲಿ ಮಾತ್ರ ವಿಶ್ವಾಸಾರ್ಹ ಮೂಲಗಳಿಂದ ಮಾಹಿತಿ ಪಡೆಯುವಂತೆ ಸಲಹೆ ನೀಡಿತ್ತು. ರೇಡಿಯೋ ಕಾಲದ ಮನೆಗಳು ಯಾರೂ ಹೇಳದೆಯೇ ಪಾಲಿಸುತ್ತಿದ್ದ ಶಿಸ್ತು ಇದು. ಬಿಡುವಾದ ಹೊತ್ತಿಗೆ ಬೇರೊಂದು ಕೆಲಸವೂ ಬೇಕು. ಕೈ ಬರಿದಾಗಿದ್ದರೆ ಅದು ಮತ್ತೆ ಫೋನನ್ನೇ ಹುಡುಕುತ್ತದೆ.

ಮೂರನೆಯದು ಪ್ಲುಟಾರ್ಕ್ ಹೇಳಿದ ಸಾಧನೆ. ಅವನು ಚಿಕ್ಕದರಿಂದ ಆರಂಭಿಸಲು ಹೇಳುತ್ತಾನೆ: ದಾರಿಬದಿಯ ಗೋಡೆಬರಹಗಳನ್ನು ಓದದೆ ಮುಂದೆ ಸಾಗುವುದು, ತೆರೆದ ಬಾಗಿಲೊಳಗೆ ಇಣುಕದಿರುವುದು, ಬಂದ ಪತ್ರವನ್ನು ತಕ್ಷಣ ಒಡೆಯದಿರುವುದು. ಉದಾಹರಣೆಗೆ ರೋಮಿನಲ್ಲಿ ತಾನೇ ಕಂಡ ಪ್ರಸಂಗವನ್ನು ಕೊಡುತ್ತಾನೆ. ಅವನ ಉಪನ್ಯಾಸ ನಡೆದಿದ್ದಾಗ ಸೈನಿಕನೊಬ್ಬ ಸಭೆಯ ನಡುವೆ ಬಂದು ರಸ್ಟಿಕಸ್ ಎಂಬ ಗಣ್ಯನಿಗೆ ಚಕ್ರವರ್ತಿಯ ಪತ್ರ ಕೊಟ್ಟ. ಸಭೆ ಸ್ತಬ್ಧವಾಯಿತು, ಪ್ಲುಟಾರ್ಕ್ ಕೂಡ ಮಾತು ನಿಲ್ಲಿಸಿದ. ರಸ್ಟಿಕಸ್ ಮಾತ್ರ ಉಪನ್ಯಾಸ ಮುಗಿದು ಜನ ಚದುರುವವರೆಗೆ ಮುದ್ರೆ ಒಡೆಯಲಿಲ್ಲ. ಆ ಚಕ್ರವರ್ತಿಯ ಕಾಲದಲ್ಲಿ ಪತ್ರದೊಳಗೆ ಪ್ರಾಣಕ್ಕೆ ಸಂಬಂಧಿಸಿದ ಸುದ್ದಿಯೇ ಇರಬಹುದಿತ್ತು; ರಸ್ಟಿಕಸ್ ಮುಂದೆ ಡೊಮಿಷಿಯನ್ ಚಕ್ರವರ್ತಿಯಿಂದಲೇ ಹತನಾದ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಲೋಕ ಉರಿಯುತ್ತಿರುವಾಗ ಕಣ್ಣು ಮುಚ್ಚುವುದು ಸರಿಯೇ? 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್‌ನ ಎರಡನೇ ಅಲೆ ಅಪ್ಪಳಿಸಿದಾಗ ಬೆಂಗಳೂರೂ ಸೇರಿದಂತೆ ಎಲ್ಲೆಡೆ ಜನ ಹಾಸಿಗೆ, ಆಮ್ಲಜನಕಗಳನ್ನು ಹುಡುಕಿದ್ದು ಇದೇ ಜಾಲತಾಣಗಳಲ್ಲಿ. ಪೂರ್ತಿ ಬಿಟ್ಟರೆ ನಷ್ಟವೂ ಉಂಟು. 2018ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ನಾಲ್ಕು ವಾರ ಫೇಸ್‌ಬುಕ್ ಬಿಟ್ಟವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸಿನ ನೆಮ್ಮದಿ ತುಸು ಹೆಚ್ಚಿತು. ಜೊತೆಗೆ ಪ್ರಚಲಿತ ವಿದ್ಯಮಾನಗಳ ಅರಿವೂ ಕಡಿಮೆಯಾಯಿತು. ಆದರೂ ಪ್ರಯೋಗ ಮುಗಿದ ಮೇಲೆ ಅವರಲ್ಲಿ ಅನೇಕರು ಹಿಂದಿನಷ್ಟು ಬಳಸಲಿಲ್ಲ.

ಅಮೆರಿಕದ ಚಿಂತಕ ನೀಲ್ ಪೋಸ್ಟ್‌ಮನ್ 1985ರಲ್ಲೇ ಇದಕ್ಕೊಂದು ಅಳತೆಗೋಲು ಸೂಚಿಸಿದ್ದ. ಕೇಳಿದ ಸುದ್ದಿ ಎಷ್ಟು, ಅದರಿಂದ ಮಾಡಲು ಸಾಧ್ಯವಾದ ಕೆಲಸ ಎಷ್ಟು? ತಂತಿ ಬಂದ ಮೇಲೆ ಮೊದಲನೆಯದು ಬೆಳೆದು ಎರಡನೆಯದು ಕುಗ್ಗಿತೆಂಬುದು ಅವನ ವಾದ. ಆಮ್ಲಜನಕ ಹುಡುಕಿದವರ ಕೈಗೆ ಕೆಲಸವಿತ್ತು. ಅದೇ ದಿನಗಳಲ್ಲಿ ಚಿತಾಗಾರದ ಚಿತ್ರಗಳನ್ನು ಮಧ್ಯರಾತ್ರಿ ನೂರನೆಯ ಸಲ ನೋಡಿದವರಿಗೆ ಭಯವಲ್ಲದೆ ಮತ್ತೇನೂ ದಕ್ಕಲಿಲ್ಲ, ಸತ್ತವರಿಗೂ ಅದರಿಂದ ಉಪಕಾರವಾಗಲಿಲ್ಲ.

ಸ್ವಂತ ಪ್ರಯತ್ನ ಸಾಲದಾದಾಗ, ನಿದ್ದೆ, ಕೆಲಸ, ಸಂಸಾರಗಳಿಗೆ ಪೆಟ್ಟು ಬೀಳತೊಡಗಿದಾಗ ನೆರವು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ 2014ರಲ್ಲೇ ‘ಶಟ್’ ಹೆಸರಿನ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಫೋನಿನಿಂದ ಬಿಡಿಸಿಕೊಳ್ಳಲು ಫೋನನ್ನೇ ಬಳಸಬೇಕಾದುದು ವಿಪರ್ಯಾಸವೆನಿಸಬಹುದು. ಆದರೆ ಆ ಕಡೆಯಿಂದ ಮಾತನಾಡುವುದು ಒಬ್ಬ ಮನುಷ್ಯ, ಮತ್ತು ಆ ಮಾತಿಗೆ ಒಂದು ಕೊನೆಯಿದೆ.