ಬೀಗ ಹಾಕಿದ ಮನೆಯೂ ದೇಶದ ಬಂಡವಾಳವೂ

ಮೂಡುಬಿದಿರೆಯ ಸುತ್ತಣ ಹಾದಿಗಳಲ್ಲಿ ಎದ್ದಿರುವ ಹೊಸ ಮಹಡಿಮನೆಗಳನ್ನು ವಾಚಕರು ಬಲ್ಲರು. ಅವುಗಳಲ್ಲಿ ಹಲವಕ್ಕೆ ವರುಷದ ಬಹುಕಾಲ ಬೀಗವೇ ಕಾವಲು. ಒಡೆಯನು ದುಬೈಯಲ್ಲಿಯೋ ಅಬುಧಾಬಿಯಲ್ಲಿಯೋ ದುಡಿಯುತ್ತಿರುವನು. ಊರಿನಲ್ಲಿಯೇ ದುಡಿಯುವ ಉಪಾಧ್ಯಾಯನಾದರೋ ಐದು ಸೆಂಟ್ಸು ನೆಲದ ಬೆಲೆಯನ್ನು ಕೇಳಿ ಮರಳಿ ಬರುವನು.

ಬೆವರು ಸುರಿಸಿ ಗಳಿಸಿದವನನ್ನು ನಾವು ದೂರುವುದಿಲ್ಲ. ಎಮಿರೇಟ್ಸಿನಲ್ಲಿ ಸಂಬಳಕ್ಕೆ ಕರವಿಲ್ಲ; ಅನಿವಾಸಿಯ ಆ ಸಂಬಳವನ್ನು ನಮ್ಮ ಕಾಯಿದೆಯೂ ಮುಟ್ಟದು. ಕೃಷಿಭೂಮಿಯನ್ನು ಕೊಳ್ಳಲು ಅವನಿಗೆ ಅನುಮತಿಯಿಲ್ಲವಾದುದರಿಂದ ಉಳಿತಾಯವು ಮನೆ ನಿವೇಶನಗಳತ್ತ ಹರಿಯುವುದು ಸಹಜವೇ ಸರಿ.

ಆದರೆ ಬಂಡವಾಳಕ್ಕೂ ಬಂಡವಾಳಕ್ಕೂ ಭೇದವುಂಟು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದೂ ಪರದೇಶದ ಹಣದಿಂದಲೇ. ಅದು ಕೂಲಿಗೆ ಕೆಲಸವನ್ನೂ, ಹುಲ್ಲುಮಾಡಿನ ಮನೆಗೆ ಹಂಚನ್ನೂ, ಜಿಲ್ಲೆಗೆ ಒಂದು ಉದ್ಯಮವನ್ನೂ ಕೊಟ್ಟಿತು. ಬೀಗ ಹಾಕಿದ ಮನೆಯು ಕಟ್ಟುವಷ್ಟು ದಿನ ಕೂಲಿ ಕೊಟ್ಟು ಸುಮ್ಮನಾಗುವುದು. ನೆಲದ ಬೆಲೆ ಏರಿದರೆ ಬಾಡಿಗೆ, ಬಾಡಿಗೆ ಏರಿದರೆ ಕೂಲಿ, ಕೂಲಿ ಏರಿದರೆ ಸರಕಿನ ಬೆಲೆ; ಕಡೆಗೆ ನಮ್ಮ ಸರಕು ಪರರ ಪೇಟೆಯಲ್ಲಿ ತುಟ್ಟಿಯೆನಿಸುವುದು. 2011ರ ಜನಗಣತಿಯಲ್ಲಿ ದೇಶದ ಪಟ್ಟಣಗಳಲ್ಲಿ ಖಾಲಿಯಿದ್ದ ಮನೆಗಳು 1 ಕೋಟಿ 10 ಲಕ್ಷ. 2012ರ ಸರಕಾರಿ ಅಂದಾಜಿನಂತೆ ಪಟ್ಟಣಗಳಲ್ಲಿ ಮನೆಗಳ ಕೊರತೆ ಸುಮಾರು 1 ಕೋಟಿ 88 ಲಕ್ಷ!

ಪರದೇಶಗಳೊಡನೆ ಮಾಡಿಕೊಂಡ ಕರದ ಒಪ್ಪಂದಗಳಿಂದ ನಮ್ಮ ಕೈ ಕಟ್ಟಿದೆಯೆಂಬ ಮಾತುಂಟು. ಷೇರುಗಳ ಮಟ್ಟಿಗೆ ಇದು ಬಹುಕಾಲ ನಿಜವಾಗಿದ್ದಿತು. 1982ರ ಮಾರಿಷಸ್ ಒಪ್ಪಂದದ ಮರೆಯಲ್ಲಿ ಷೇರು ಮಾರಿದ ಲಾಭವು ಇಲ್ಲಿ ಕರ ತೆರದೆ ಹೋಗುತ್ತಿದ್ದುದನ್ನು 2016ರಲ್ಲಿ ತಿದ್ದಬೇಕಾಯಿತು. ಮನೆ ನೆಲಗಳ ಮಾತೇ ಬೇರೆ. ಇವುಗಳ ಆದಾಯಕ್ಕೆ ಇವು ಇರುವ ದೇಶವೇ ಕರ ಹಾಕಬಹುದೆಂಬುದನ್ನು 1992ರ ಎಮಿರೇಟ್ಸ್ ಒಡಂಬಡಿಕೆಯೂ ಒಪ್ಪಿದೆ. ಹಣಕ್ಕೆ ಕಾಲುಂಟು, ಮನೆಗೆ ಕಾಲಿಲ್ಲ.

ಮೇಲಾಗಿ, ಭೂಮಿ ಕಟ್ಟಡಗಳ ಮೇಲಣ ಕರವನ್ನು ಸಂವಿಧಾನವು ರಾಜ್ಯಗಳಿಗೇ ವಹಿಸಿದೆ. ಕೆನಡದ ವ್ಯಾಂಕೂವರ್ ನಗರವು 2017ರಿಂದ ಖಾಲಿಮನೆಗಳಿಗೆ ಪ್ರತ್ಯೇಕ ಕರವನ್ನು ವಿಧಿಸಿ, ಬಂದ ಹಣವನ್ನು ಕೈಗೆಟಕುವ ವಸತಿಗೆ ವಿನಿಯೋಗಿಸುತ್ತಿದೆ. ನಮ್ಮ ಶಾಸನಸಭೆಯೂ ಪುರಸಭೆಗಳಿಗೆ ಅಂಥ ಅಧಿಕಾರವನ್ನು ಕೊಡಲಿ. ವೃದ್ಧ ತಾಯಿತಂದೆಗಳು ವಾಸಿಸುವ ಮನೆಗೂ, ಬಾಡಿಗೆಗೆ ಕೊಟ್ಟ ಮನೆಗೂ ವಿನಾಯಿತಿ ಇರಲಿ. ಬಾಡಿಗೆದಾರನು ಮನೆ ಬಿಡಲಾರನೆಂಬ ಭಯವೇ ಹಲವರಿಂದ ಬೀಗ ಹಾಕಿಸಿದೆ. ಆ ಭಯವನ್ನು ನೀಗುವ ಕಾಯಿದೆಯೂ ಜೊತೆಗೇ ಬರಲಿ.

ಹೊರಗಣ ಹಣಕ್ಕೆ ಬಾಗಿಲು ತೆರೆದಿರಬೇಕು, ನಿಜ. ಆದರೆ ಒಳಗೆ ದುಡಿಯುವವನಿಗೂ ಒಂದು ಬಾಗಿಲು ತೆರೆಯಬೇಡವೆ?