ಭಂಗಾರದಿಂದ ಎದ್ದು ಬಂದ ಪಿಕಪ್: ಬಣ್ಣ ಆಮ್ಯಾಲೆ, ಬ್ರೇಕ್ ಮೊದಲು

ಹುಮನಾಬಾದ್: ಬಸವಕಲ್ಯಾಣದಲ್ಲಿ ಬೆಳಗಿನ ಬಸ್ ಹತ್ತಿದವರು ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿದ ಮೇಲೆ ಒಮ್ಮೆ ಕಿಟಕಿಯಾಚೆ ನೋಡಲಿ. ಬಸ್ಸಿನ ಮುಂದೊಂದು, ಹಿಂದೆರಡು ಪಿಕಪ್ ಗಾಡಿ ಇದ್ದೇ ಇರುತ್ತವೆ. ಕಾಯಿಪಲ್ಲೆ ಬುಟ್ಟಿ, ತೊಗರಿ ಚೀಲ, ಸಿಮೆಂಟು, ಮದುವೆ ಮನೆಯ ಹಂಡೆ-ಪಾತ್ರೆ ಎಲ್ಲವೂ ಅವುಗಳ ಬೆನ್ನ ಮೇಲೆಯೇ. ಪಿಕಪ್ ಬರಲಿಲ್ಲವೆಂದರೆ ಅಂಗಡಿಕಾರರಿಗೆ ಆ ದಿನ ಬೋಣಿಗೆಯೇ ತಡ.

ಇವುಗಳಲ್ಲಿ ಕೆಲವು ಗಾಡಿಗಳ ವಯಸ್ಸು ಅವನ್ನು ಓಡಿಸುವ ಹುಡುಗರ ವಯಸ್ಸಿಗಿಂತ ಜಾಸ್ತಿ. ಅವು ಇನ್ನೂ ಹೇಗೆ ಓಡುತ್ತಿವೆ? ಯಾವ ಗಾಡಿಯ ಸಾಮಾನು ಹಾಕಿಕೊಂಡು ಓಡುತ್ತಿವೆ? ಪಕ್ಕದ ಬಸ್ಸಿನಲ್ಲಿ ಕೂತವರಿಗೂ ಸಂಬಂಧಪಟ್ಟ ಪ್ರಶ್ನೆ ಇದು.

ಬೇವಿನ ಮರದ ಕೆಳಗಿನ ಗಾಡಿ

ಬಸವಕಲ್ಯಾಣದ ಕಾಯಿಪಲ್ಲೆ ವ್ಯಾಪಾರಿಯೊಬ್ಬರ ಹಳೆಯ ಟಾಟಾ 207 ಒಂದು ಮಳೆಗಾಲವಿಡೀ ಬೇವಿನ ಮರದ ಕೆಳಗೆ ನಿಂತುಬಿಟ್ಟಿತ್ತು. ಎಂಜಿನ್ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತಿತ್ತು. ಡ್ರೈವರ್ ಕಾಲ ಬುಡದ ಪತ್ರಾ ತುಕ್ಕು ತಿಂದು ಕೆಳಗಿನ ರಸ್ತೆ ಕಾಣುತ್ತಿತ್ತು. ಭಂಗಾರದವನು ಬಂದು ಕಿಲೋ ಲೆಕ್ಕದಲ್ಲಿ ದರ ಹೇಳಿ ಹೋದ. ಮನೆಯಾಕೆ ಒಪ್ಪಲಿಲ್ಲ.

‘ಎರಡ್ ಹೆಣ್ಮಕ್ಕಳ ಮದುವಿ ಈ ಗಾಡಿ ದುಡಿಮಿ ಮ್ಯಾಲೇ ಆಗ್ಯಾವ್ರಿ. ಇದಕ್ಕ ಕಿಲೋದ ಮ್ಯಾಲ ಹೆಂಗ್ ತೂಗಿ ಕೊಡೋದು?’ ಎಂಬುದು ಅವರ ಮಾತು.

ಹೊಸ ಗಾಡಿ ತರೋಣವೆಂದರೆ ಅದು ಲಕ್ಷಗಳ ಬಾಬತ್ತು. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಗಾಡಿಗಳೇ ಮಾರಾಟವಾಗಬೇಕೆಂಬ ನಿಯಮ ಬಂದಿತು. ಹೊಗೆ ಕಡಿಮೆಯಾಯಿತು, ಬೆಲೆ ಏರಿತು. ಮುಂಗಡ ಕಟ್ಟಿದರೂ ತಿಂಗಳ ಕಂತು ಬೆನ್ನು ಬಿಡದು. ಪೇಟೆಯಲ್ಲಿ ಟೊಮೆಟೊ ದರ ಬಿದ್ದ ತಿಂಗಳು ಕಂತಿನವನೇನು ದರ ಇಳಿಸುತ್ತಾನೆಯೇ? ಹೀಗಾಗಿ ಗಾಡಿಯನ್ನು ಹಗ್ಗ ಕಟ್ಟಿ ಹುಮನಾಬಾದ್‌ಗೆ ಎಳೆದು ತಂದರು. ಅಲ್ಲಿ ಹೆದ್ದಾರಿ ಬದಿಯ ಗ್ಯಾರೇಜಿನ ಮಿಸ್ತ್ರಿಯೊಬ್ಬರು ಅದನ್ನು ಸುತ್ತು ಹಾಕಿ ನೋಡಿದರು. ಎಲ್ಲರೂ ಅವರನ್ನು ‘ಉಸ್ತಾದ್’ ಎನ್ನುತ್ತಾರೆ. 1956ರವರೆಗೆ ಹೈದರಾಬಾದ್ ರಾಜ್ಯದ ನೆರಳಲ್ಲಿದ್ದ ಬೀದರ್ ಸೀಮೆಯಲ್ಲಿ ಕೈಕಸುಬಿನವರಿಗೆ ಸಲ್ಲುವ ಗೌರವದ ಮಾತು ಅದು.

ಒಂದೇ ಕುಲದ ಗಾಡಿಗಳು

ಹಳೆಯ ಗಾಡಿ ಎಬ್ಬಿಸುವ ಮುಂಚೆ ಉಸ್ತಾದರು ನೋಡುವುದು ಅದಕ್ಕೆ ನೆಂಟರು ಎಷ್ಟು ಮಂದಿ ಇದ್ದಾರೆ ಎಂಬುದನ್ನು. ಟಾಟಾದವರ ಮೊದಲ ಪಿಕಪ್ ‘ಟಾಟಾಮೊಬೈಲ್’ ರಸ್ತೆಗಿಳಿದದ್ದು 1988ರಲ್ಲಿ. ಅದೇ ತಳದ ಮೇಲೆ 1994ರಲ್ಲಿ ಸುಮೋ ಬಂದಿತು. 207 ಕೂಡ ಅದೇ ಮನೆತನದ್ದು. ಸುಮೋಗಳು ನಮ್ಮ ಕಡೆ ಮದುವೆ ದಿಬ್ಬಣಕ್ಕೂ ಓಡಿದವು, ಚುನಾವಣೆಗೂ ಓಡಿದವು. ಈಗ ಒಂದೊಂದಾಗಿ ಭಂಗಾರಕ್ಕೆ ಬರುತ್ತಿವೆ. ಒಂದು ಸತ್ತ ಸುಮೋ ಒಂದು ಬದುಕಿದ ಪಿಕಪ್ಪಿಗೆ ಎಷ್ಟೋ ಸಾಮಾನು ಕೊಟ್ಟು ಹೋಗುತ್ತದೆ.

ಹಾಗೆಂದು ಎಲ್ಲವೂ ಕೂಡುವುದಿಲ್ಲ. ಬೋಲ್ಟಿನ ತೂತು ಕೂಡಿದರೆ ಗೇರಿನ ಹಲ್ಲು ಕೂಡದು. ಹಲ್ಲು ಕೂಡಿದರೆ ಶಾಫ್ಟಿನ ಉದ್ದ ಕೂಡದು. ಹಳೆಯ ಸಾಮಾನು ಕೈಯಲ್ಲಿ ಹಿಡಿದುಕೊಂಡು ಹೋಗಿ ಅಳೆದು ತರಬೇಕು. ಬರೀ ಹೆಸರು ಹೇಳಿ ತಂದವರು ಎರಡು ಸಲ ಬಸ್ ಚಾರ್ಜು ಕೊಟ್ಟಿದ್ದಾರೆ.

ನೆಂಟರಿಲ್ಲದ ಗಾಡಿಯ ಪಾಡು ಬೇರೆ. ಇದೇ ಹೆದ್ದಾರಿಯಲ್ಲಿ ಮುಂದಿರುವ ಜಹೀರಾಬಾದ್‌ನಲ್ಲಿ 1980ರ ದಶಕದಲ್ಲಿ ಹೈದರಾಬಾದಿನ ಆಲ್ವಿನ್ ಕಂಪನಿ ಜಪಾನಿನ ನಿಸ್ಸಾನ್ ಜತೆ ಸೇರಿ ಸಣ್ಣ ಲಾರಿ ತಯಾರಿಸುತ್ತಿತ್ತು. ಆಮೇಲೆ ಆ ಕಾರ್ಖಾನೆ ಮಹೀಂದ್ರ ಕೈಗೆ ಹೋಯಿತು. ಮನೆ ಬಾಗಿಲಲ್ಲೇ ಹುಟ್ಟಿದ ಗಾಡಿಯಾದರೇನು, ರಸ್ತೆಯ ಮೇಲೆ ಅದರ ಸಂತತಿ ಉಳಿಯದಿದ್ದರೆ ಭಂಗಾರದಲ್ಲೂ ಸಾಮಾನು ಸಿಗದು. ಅಂಥ ಗಾಡಿಗೆ ರೊಕ್ಕ ಸುರಿಯುವ ಮುಂಚೆ ಹತ್ತು ಸಲ ಯೋಚಿಸಬೇಕು.

ಯಾವುದು ಹಳೆಯದು, ಯಾವುದು ಹೊಸದು?

ಉಸ್ತಾದರ ಲೆಕ್ಕ ಸರಳ. ಬಾಗಿಲು, ಬಾನೆಟ್, ಸೀಟು, ಗಾಜು, ಬಂಪರ್, ಹಿಂದಿನ ಡಾಲಾ ಭಂಗಾರದ್ದು ನಡೆಯುತ್ತದೆ. ಗೇರ್ ಬಾಕ್ಸ್ ಬಿಚ್ಚಿ ಹಲ್ಲು, ಬೇರಿಂಗ್ ನೋಡಿ ತರಬಹುದು. ಸೆಲ್ಫ್, ಡೈನಮೊ ಬೆಂಚಿನ ಮೇಲೆ ತಿರುಗಿಸಿ ನೋಡಿ ಕೊಳ್ಳಬಹುದು. ಆದರೆ ಬ್ರೇಕ್, ಸ್ಟೇರಿಂಗ್ ಎರಡಕ್ಕೆ ಹಳೆಯ ಸಾಮಾನು ಬೇಡವೇ ಬೇಡ.

‘ಬಾಗಿಲ ಕೆಟ್ರ ಹಗ್ಗ ಕಟ್ಕೊಂಡ್ ಮನಿಗಿ ಬರ್ತೀರಿ. ಬ್ರೇಕ್ ಕೆಟ್ರ ಏನ್ ಕಟ್ತೀರಿ?’ ಎಂಬುದು ಅವರ ಪ್ರಶ್ನೆ.

ಎಂಜಿನ್ ಬದಲಿಸಲಿಲ್ಲ. ಅದೇ ಬ್ಲಾಕನ್ನು ಲೇತಿಗೆ ಕಳಿಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಮತ್ತು ರಿಂಗ್ ಹಾಕಿಸಿದರು. ತುಕ್ಕು ತಿಂದ ಪತ್ರಾ ಕತ್ತರಿಸಿ ಬೇರೆ ತುಂಡು ಬೆಸುಗೆ ಹಾಕಿದರು. ಪಾಟಾದಲ್ಲಿ ಬಿರುಕು ಬಿಟ್ಟ ಎರಡು ಪಟ್ಟಿ ತೆಗೆದು ಬೇರೆ ಕೂಡಿಸಿದರು. ಇಷ್ಟಾಗುವಾಗ ವ್ಯಾಪಾರಿಯ ಕೈಯಲ್ಲಿದ್ದ ರೊಕ್ಕ ಕರಗಿತು. ಬಣ್ಣಕ್ಕೆ ಉಳಿಸಬೇಕೆಂದು ಮುಂದಿನ ಬಲಗಾಲಿಯ ಬ್ರೇಕ್ ಸಾಮಾನು ಭಂಗಾರದ್ದೇ ಇರಲಿ ಎಂದು ಹಟ ಹಿಡಿದರು. ಉಸ್ತಾದರು ಬೇಡವೆಂದರು, ಕೇಳಲಿಲ್ಲ.

ಎಡಕ್ಕೆ ಎಳೆದ ಗಾಡಿ

ಬಣ್ಣ ಹೊಡೆದು, ಮುಂದೆ ನಿಂಬೆಹಣ್ಣು ಕಟ್ಟಿ, ಗಾಡಿ ಟ್ರಯಲ್‌ಗೆ ಹೊರಟಿತು. ಬಸ್ ನಿಲ್ಲುವ ಜಾಗದ ಹತ್ತಿರ ಮುಂದಿನ ಆಟೊ ದಿಢೀರನೆ ನಿಂತಿತು. ಬ್ರೇಕ್ ಒತ್ತಿದ್ದೇ ತಡ, ಪಿಕಪ್ ಎಡಕ್ಕೆ ಎಳೆದು ಪಾನ್ ಅಂಗಡಿಯ ಕಟ್ಟೆಗೆ ಮೂಗು ತಾಗಿಸಿ ನಿಂತಿತು. ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಆಗಷ್ಟೇ ಎದ್ದು ನೀರು ಕೇಳಲು ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ. ಚೀಲ ಮಾತ್ರ ಹರಿಯಿತು.

ಗಾಲಿ ಬಿಚ್ಚಿ ನೋಡಿದರೆ ಭಂಗಾರದಿಂದ ತಂದ ಬ್ರೇಕಿನ ಪಿಸ್ಟನ್ ಒಳಗಿನ ತುಕ್ಕಿಗೆ ಅಂಟಿಕೊಂಡಿತ್ತು. ಬಲಗಾಲಿ ಹಿಡಿಯಲಿಲ್ಲ, ಎಡಗಾಲಿ ಮಾತ್ರ ಹಿಡಿಯಿತು. ಎರಡೂ ಕಡೆ ಸಮನಾಗಿ ಹಿಡಿಯದ ಬ್ರೇಕ್ ಹೀಗೆ ಗಾಡಿಯನ್ನು ಒಂದೇ ಬದಿಗೆ ಎಳೆಯುತ್ತದೆ. ವ್ಯಾಪಾರಿ ಅಲ್ಲೇ ನೆಲದ ಮೇಲೆ ಕೂತರು. ‘ಉಸ್ತಾದ್, ನಿಮ್ ಮಾತ್ ಕೇಳ್ಬೇಕಿತ್ತು’ ಎಂದರು. ಮರುದಿನವೇ ಎರಡೂ ಕಡೆ ಹೊಸ ಸಾಮಾನು ಬಿತ್ತು. ಬ್ರೇಕ್ ಆಯಿಲೂ ಹೊಸದೇ ಆಯಿತು. ಆ ಆಯಿಲ್ ಗಾಳಿಯ ತೇವ ಹೀರುತ್ತದೆ, ವರ್ಷಗಟ್ಟಲೆ ನಿಂತರೆ ಒಳಗೆ ತುಕ್ಕು ಹಿಡಿಸುತ್ತದೆ ಎಂಬುದು ಎಷ್ಟು ಮಾಲೀಕರಿಗೆ ಗೊತ್ತು?

ಕಾಗದದ ಗೊಡವೆ

ಭಂಗಾರದ ಎಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಅದರ ನಂಬರ್ ಓದಬೇಕು. ನಂಬರ್ ಉಜ್ಜಿದ್ದರೆ, ಚೀಟಿ ಇಲ್ಲದಿದ್ದರೆ, ಅದು ಕದ್ದ ಗಾಡಿಯದ್ದೂ ಆಗಿರಬಹುದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಾಯಿಸಿದ ಮಾಲೀಕ 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ. ಪುಸ್ತಕ ಒಪ್ಪಿಸಬೇಕು. ಗಾಡಿ ಪೂರ್ತಿ ನಾಶವಾದರೂ 14 ದಿನದೊಳಗೆ ತಿಳಿಸಬೇಕು. ಸತ್ತ ಗಾಡಿಯ ಆರ್.ಸಿ. ಒಪ್ಪಿಸದೆ ಬಿಟ್ಟರೆ ಆ ನಂಬರ್ ನಾಳೆ ಯಾರ ಗಾಡಿಯ ಮೇಲೆ ಕೂರುತ್ತದೋ!

ಇಲ್ಲಿ ಬ್ಲಾಕ್ ಬದಲಾಗಲಿಲ್ಲ, ನಂಬರೂ ಬದಲಾಗಲಿಲ್ಲ. ಚಾಸಿ ನಂಬರಿನ ಮೇಲಿನ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದು, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಪಾಸಿಂಗ್ ಆಯಿತು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷವರ್ಷವೂ ಪಾಸಿಂಗ್ ಆಗಬೇಕು. 15 ವರ್ಷ ದಾಟಿದವುಗಳ ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿದೆ. ‘15 ವರ್ಷ ಆದ್ರ ಎಲ್ಲಾ ಗಾಡಿ ಸರ್ಕಾರ ಒಯ್ತದ’ ಎಂಬ ಸುದ್ದಿ ಸಂತೆಯಲ್ಲಿ ಓಡಾಡುತ್ತದೆ. 2023ರ ಏಪ್ರಿಲ್‌ನಿಂದ ನೋಂದಣಿ ಕಳೆದುಕೊಂಡದ್ದು 15 ವರ್ಷ ದಾಟಿದ ಸರ್ಕಾರಿ ಗಾಡಿಗಳು. ನಮ್ಮ ಕಡೆಯ ಖಾಸಗಿ ಪಿಕಪ್ಪಿಗೆ ಪಾಸಿಂಗೇ ಆಧಾರ.

ದಿನದ ಐದು ನಿಮಿಷ

ಈಗ ವ್ಯಾಪಾರಿಯ ಮಗ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಕಡ್ಡಿ ಎಳೆದು ಆಯಿಲ್ ನೋಡುತ್ತಾನೆ. ರೇಡಿಯೇಟರ್ ನೀರು, ಬ್ರೇಕ್ ಆಯಿಲ್ ನೋಡುತ್ತಾನೆ. ಡೀಸೆಲ್ ಫಿಲ್ಟರಿನ ನೀರು ಆಗಾಗ ಬಿಡುತ್ತಾನೆ. ಪಾಟಾ ಕೆಳಗೆ ಬಗ್ಗಿ ನೋಡುತ್ತಾನೆ. ಬಾಡಿಗೆಗೆ ಕರೆಯುವವರು ಹತ್ತು ಚೀಲ ಹೆಚ್ಚು ಹೇರು ಎಂದರೆ ಒಲ್ಲೆ ಎನ್ನುತ್ತಾನೆ. ಜಾತ್ರೆಗೆ ಜನ ತುಂಬು ಎಂದರೂ ಒಲ್ಲೆ. ಸರಕಿನ ಗಾಡಿಯಲ್ಲಿ ಜನ ತುಂಬುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ವಿರುದ್ಧ.

ಎರಡೂ ಊರಿನ ವರ್ತಕರು ಪಿಕಪ್ ಕರೆಯುವಾಗ ಬಾಡಿಗೆಯಲ್ಲಿ ನೂರು ರೂಪಾಯಿ ಚೌಕಾಸಿ ಮಾಡುತ್ತಾರೆ. ಮಾಡಲಿ, ವ್ಯಾಪಾರ ಅಲ್ಲವೆ? ಆದರೆ ಅದೇ ಬಾಯಿಂದ ‘ಪಾಸಿಂಗ್ ಎಂದಿನದಪಾ? ಬ್ರೇಕ್ ನೋಡ್ಸಿದಿ ಏನು?’ ಎಂದು ಕೇಳಲು ಖರ್ಚೇನೂ ಇಲ್ಲ. ಭಂಗಾರ ಮಾರುವವರೂ ಎಂಜಿನ್ನಿಗೆ ನಂಬರ್ ಬರೆದ ಚೀಟಿ ಕೊಡುವ ರೂಢಿ ಮಾಡಿಕೊಂಡರೆ ಕೊಂಡವನ ತಲೆನೋವು ಅರ್ಧ ಇಳಿದೀತು.

ಅಜ್ಜಿಯ ಹರಿದ ಚೀಲಕ್ಕೆ ಬದಲಾಗಿ ವ್ಯಾಪಾರಿ ಹೊಸ ಚೀಲ ಕೊಡಿಸಿದ್ದಾರೆ. ಅದರ ತುಂಬ ಕಾಯಿಪಲ್ಲೆಯನ್ನೂ ಹಾಕಿದ್ದಾರೆ.