ವೆಬ್‌ಸೈಟ್ ಲೆಕ್ಕ ನಮ್ಮದೇ ಸರ್ವರ್‌ನಲ್ಲಿ: ತಪ್ಪು ಕಲ್ಪನೆ ಮತ್ತು ಸತ್ಯ

ಸದಲಗಾದ ಸಹಕಾರಿ ಸಂಘವಿರಲಿ, ನಿಪ್ಪಾಣಿಯ ಕಾಲೇಜಿರಲಿ, ಅಥಣಿಯ ಚಪ್ಪಲಿ ವ್ಯಾಪಾರಿಯಿರಲಿ, ವೆಬ್‌ಸೈಟ್ ಇದ್ದವರಿಗೆ ಅದನ್ನು ಎಷ್ಟು ಜನ ನೋಡಿದರು, ಯಾವ ಪುಟ ಓದಿದರು ಎಂಬ ಲೆಕ್ಕ ಬೇಕು. ಅದನ್ನು ಗೂಗಲ್‌ಗೆ ಒಪ್ಪಿಸದೆ ಮಟೋಮೊ, ಪ್ಲಾಸಿಬಲ್‌ನಂಥ ಮುಕ್ತ ತಂತ್ರಾಂಶದಿಂದ ನಾವೇ ಇಟ್ಟುಕೊಳ್ಳಬಹುದು. ಆದರೆ ಸಿದ್ಧತೆಗೆ ಮೊದಲು ಕೆಲವು ತಪ್ಪು ಕಲ್ಪನೆಗಳು ಹೋಗಬೇಕು.

ತಪ್ಪು ಕಲ್ಪನೆ: ಕಚೇರಿಯ ಕಂಪ್ಯೂಟರನ್ನು ಸದಾ ಚಾಲೂ ಇಟ್ಟರಾಯಿತು.
ಸತ್ಯ: ಕರೆಂಟ್ ಹೋದರೆ, ನೆಟ್ ಕಡಿದರೆ ಆ ಹೊತ್ತಿನ ಭೇಟಿಗಳು ಲೆಕ್ಕಕ್ಕೆ ಬರುವುದಿಲ್ಲ. ಡೇಟಾ ಕೇಂದ್ರವೊಂದರಲ್ಲಿ ಬಾಡಿಗೆ ಸರ್ವರ್ ಪಡೆಯುವುದೇ ಸರಿ. ಯಂತ್ರ ಎಲ್ಲಿದ್ದರೂ ಡೇಟಾಬೇಸಿನ ಪಾಸ್‌ವರ್ಡ್ ನಿಮ್ಮ ಸಂಸ್ಥೆಯ ಕೈಯಲ್ಲಿರಬೇಕು.

ತಪ್ಪು ಕಲ್ಪನೆ: ಇದಕ್ಕೆ ದೊಡ್ಡ ಯಂತ್ರ ಬೇಕು.
ಸತ್ಯ: ತಿಂಗಳಿಗೆ 1 ಲಕ್ಷ ಪುಟವೀಕ್ಷಣೆವರೆಗೆ 2 ಸಿಪಿಯು, 2 ಜಿಬಿ ರ್‍ಯಾಮ್, 50 ಜಿಬಿ ಎಸ್‌ಎಸ್‌ಡಿ ಸಾಕೆನ್ನುತ್ತದೆ ಮಟೋಮೊ.

ತಪ್ಪು ಕಲ್ಪನೆ: ತಂತ್ರಾಂಶ ಉಚಿತ, ಖರ್ಚಿಲ್ಲ.
ಸತ್ಯ: ಸರ್ವರ್ ಬಾಡಿಗೆ, ಬ್ಯಾಕಪ್, ನೋಡಿಕೊಳ್ಳುವವರ ಸಮಯ ಎಲ್ಲವೂ ಖರ್ಚೇ. ಮಟೋಮೊಗೆ ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್ ಬಲ್ಲವರು ಬೇಕು. ಪ್ಲಾಸಿಬಲ್‌ಗೆ ಡಾಕರ್ ತಿಳಿದಿರಬೇಕು. ನಿಮ್ಮ ಹುಡುಗರಿಗೆ ಯಾವುದು ಬರುತ್ತದೋ ಅದನ್ನೇ ಆರಿಸಿ.

ತಪ್ಪು ಕಲ್ಪನೆ: ಓದುಗರು ಯಾವ ಊರಿನವರೆಂದು ನಕ್ಷೆ ಸರಿಯಾಗಿ ಹೇಳುತ್ತದೆ.
ಸತ್ಯ: ಅದು ಐಪಿ ವಿಳಾಸದ ಮೇಲಿನ ಅಂದಾಜು. ಮೊಬೈಲ್ ಕಂಪನಿಯ ಜಾಲ ಯಾವ ನಗರದಿಂದ ಹೊರಬೀಳುತ್ತದೋ ಆ ನಗರದ ಹೆಸರೇ ಬರಬಹುದು. ಹಾಗಾಗಿ ಸದಲಗಾದಲ್ಲಿ ಕುಳಿತು ಓದಿದವರು ಬೆಂಗಳೂರಿನವರೆಂದೋ ಮುಂಬೈಯವರೆಂದೋ ಕಾಣಬಹುದು. ನಮ್ಮದು ಗಡಿಭಾಗ, ಇಂಥ ಪಟ್ಟಿ ನಂಬಿ ‘ಓದುಗರೆಲ್ಲ ಮಹಾರಾಷ್ಟ್ರದವರು’ ಎಂದುಕೊಂಡು ಕನ್ನಡ ಪುಟಗಳನ್ನು ಕೈಬಿಟ್ಟರೆ ಅನ್ಯಾಯವಾಗುತ್ತದೆ. ಕನ್ನಡ, ಮರಾಠಿ ಪುಟಗಳನ್ನು ಎಷ್ಟೆಷ್ಟು ಜನ ಓದಿದರೆಂದು ಬೇರೆ ಬೇರೆಯಾಗಿ ನೋಡಿ. ಊರು ತಿಳಿಯಲೇಬೇಕಿದ್ದರೆ ವಿಚಾರಣೆಯ ಅರ್ಜಿಯಲ್ಲಿ ತಾಲೂಕಿನ ಹೆಸರು ಕೇಳಿ.

ತಪ್ಪು ಕಲ್ಪನೆ: ನಮ್ಮ ಸರ್ವರ್, ನಮ್ಮ ಇಷ್ಟ, ಕಾನೂನಿನ ತೊಡಕಿಲ್ಲ.
ಸತ್ಯ: ಮಾಹಿತಿ ನಿಮ್ಮ ಬಳಿ ಬಂದಾಗ ಹೊಣೆಯೂ ನಿಮ್ಮದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಗಮನದಲ್ಲಿಡಿ. ಐಪಿ ವಿಳಾಸದ ಕೊನೆಯ ಭಾಗ ಮರೆಮಾಡುವ ಸೌಲಭ್ಯ ಮಟೋಮೊದಲ್ಲಿದೆ. ಮೊದಲ ದಿನವೇ ಬಳಸಿ.

ಅಳವಡಿಸುವ ಮುನ್ನ ಮೂರು ವಿಷಯ ಬರೆದಿಡಿ: ಅಪ್‌ಡೇಟ್ ಮಾಡುವವರು ಯಾರು, ಬ್ಯಾಕಪ್ ಎಲ್ಲಿ, ಹಳೆಯ ಮಾಹಿತಿ ಎಷ್ಟು ತಿಂಗಳಿಗೆ ಅಳಿಸಬೇಕು. ಬ್ಯಾಕಪ್‌ನಿಂದ ಎಲ್ಲವನ್ನೂ ಒಮ್ಮೆ ಮರಳಿ ತಂದು ಪರೀಕ್ಷಿಸಿದ ಮೇಲೆಯೇ ಹಳೆಯ ವ್ಯವಸ್ಥೆ ನಿಲ್ಲಿಸಿ.